ಮದ್ದು ಹೊಡೆಯದೆ ಬಿಟ್ಟ ಒಂದು ಸಾಲು

ನಿನ್ನೆ ಸಂಜೆಯಿಂದ ಕರೆಂಟಿಲ್ಲ. ಮಳೆ ಬಿಟ್ಟೂ ಬಿಡದೆ ಹೊಡೀತಾ ಇದೆ, ತೋಟಕ್ಕೆ ಇಳಿಯೋ ಹಾಗಿಲ್ಲ. ಫೋನಲ್ಲಿ 40 ಪರ್ಸೆಂಟ್ ಚಾರ್ಜ್ ಉಳಿದಿದೆ, ಅಷ್ಟರೊಳಗೆ ಬರೆದು ಮುಗಿಸ್ತೀನಿ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತಾದಾಗ ಓದಿ.

ಮೊನ್ನೆ ಹೊಳೆ ಆಚೆಯವರೊಬ್ಬರು ಫೋನ್ ಮಾಡಿದ್ದರು. ಕೊನೆಗೆ ಮೊದಲನೇ ಬೋರ್ಡೋ ಹೊಡೆಸಿ ಆಗಿದೆಯಂತೆ. ನಾಲ್ಕು ದಿನ ಹೊಳವು ಸಿಕ್ಕಿದರೆ ಎಲೆಗೂ ಒಂದು ಸಲ ಹೊಡೆಸಿಬಿಡಲೋ, ಇಲ್ಲಾ ಮಳೆ ಪೂರ್ತಿ ಹೋಗೋವರೆಗೂ ಕಾಯಲೋ ಅಂತ ಕೇಳಿದ್ರು. "ಗೊತ್ತಿಲ್ಲ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಎಂಥದು ಮಾರಾಯ್ರೇ, ನೀವೇ ಹಿಂಗಂದ್ರೆ ನಾವು ಯಾರನ್ನ ಕೇಳೋದು?" ಅಂದ್ರು. ದನಿಯಲ್ಲಿ ಸಿಟ್ಟಿತ್ತು. ಹೇಳೋದಕ್ಕೆ ಮನಸ್ಸಿಲ್ಲದೆ ಮುಚ್ಚಿಡ್ತಿದೀನಿ ಅಂತ ಅಂದುಕೊಂಡರೋ ಏನೋ. ಮುಚ್ಚಿಟ್ಟಿದ್ದಲ್ಲ. ನಾನು ಹೀಗೆ ಹೇಳೋದನ್ನ ಕಲಿತಿದ್ದು ಹೇಗೆ ಅನ್ನೋದನ್ನ ಇವತ್ತು ಬರೀಬೇಕು ಅನಿಸಿತು. ಇದರಲ್ಲಿ ನನಗೆ ಮರ್ಯಾದೆ ತರೋ ಸಂಗತಿ ಏನೂ ಇಲ್ಲ.

ನಮ್ಮ ಕೇರಿಯಲ್ಲಿ ಮದ್ದಿನ ವಿಷಯ ಅಂದ್ರೆ ನನ್ನನ್ನೇ ಕರೀತಿದ್ದರು. ಅದು ಅಪ್ಪನಿಂದ ಬಂದ ಹೆಸರು. ಅಪ್ಪ ಬೋರ್ಡೋ ಮಾಡೋದನ್ನ ನೋಡಬೇಕಿತ್ತು. 1 ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಲ್ಲಿ, ಆಮೇಲೆ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು, ತಿರುಗಿಸ್ತಾನೇ ಇರಬೇಕು. ಕೊನೆಗೆ ಉಜ್ಜಿ ಹೊಳಪು ಮಾಡಿದ ಕತ್ತಿ ಅದ್ದಿ ತೆಗೆಯೋದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ನನಗೆ ಹತ್ತು ವರ್ಷ ಇದ್ದಾಗಲೇ ಕತ್ತಿ ಅದ್ದೋ ಕೆಲಸ ನನ್ನದು. ಮೀಸೆ ಬರೋ ಹೊತ್ತಿಗೆ ದ್ರಾವಣದ ಬಣ್ಣ ನೋಡಿಯೇ ಹೇಳ್ತಿದ್ದೆ.

ಈಗ ಅನಿಸುತ್ತೆ, ನನ್ನ ಜಂಬ ಹುಟ್ಟಿದ್ದು ಅಲ್ಲೇ. ಕೊಳೆ ಅನ್ನೋದು ನಮಗೆ ಗೊತ್ತಿರೋ ರೋಗ. ಯಾವ ಮಳೆಗೆ ಬರುತ್ತೆ, ಕಾಯಿಯ ಯಾವ ಜಾಗದಲ್ಲಿ ಮೊದಲು ನೀರು ಕೂತಂಗೆ ಕಾಣುತ್ತೆ, ಯಾವಾಗ ಹೊಡೀಬೇಕು, ಎಷ್ಟು ದಿನ ಬಿಟ್ಟು ಎರಡನೇದು, ಎಲ್ಲಾ ಬಾಯಿಪಾಠ. ಆದರೆ ಅದನ್ನ ಕಂಡುಹಿಡಿದಿದ್ದು ನಾನೂ ಅಲ್ಲ, ನನ್ನಪ್ಪನೂ ಅಲ್ಲ. ಅಜ್ಜನ ಕಾಲದಲ್ಲಿ ಕೊನೆಗೆ ಕೊಟ್ಟೆ ಕಟ್ಟೋದೇ ದಾರಿ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅನ್ನೋರು ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮುಂದೆ ಅವರೇ ಕೃಷಿ ಇಲಾಖೆಯ ನಿರ್ದೇಶಕರಾದರು. ಕೊಳೆಗೆ ಕಾರಣವಾದ ಶಿಲೀಂಧ್ರ ಯಾವುದು ಅಂತ ಹುಡುಕಿ 1910ರಲ್ಲಿ ಬರೆದಿಟ್ಟರು, ಬೋರ್ಡೋ ಹೊಡೆಯೋದನ್ನ ರೂಢಿಗೆ ತಂದರು. ಅಂದ್ರೆ ಬೇರೆಯವರು ಗೊತ್ತಿಲ್ಲದೆ ಒದ್ದಾಡಿ, ಹುಡುಕಿ, ಗೊತ್ತು ಮಾಡಿಕೊಟ್ಟಿದ್ದನ್ನ ನಾನು ಬಾಯಿಪಾಠ ಮಾಡಿಕೊಂಡು ಊರಿಗೆ ಪಂಡಿತ ಆಗಿದ್ದೆ. ಒದ್ದಾಟದ ಭಾಗ ನನಗೆ ಪರಿಚಯವೇ ಇರಲಿಲ್ಲ.

ಪಕ್ಕದ ಮನೆ ಹುಡುಗನ ಕಥೆಗೆ ಬರ್ತೀನಿ. ಹೆಸರು ಬೇಡ, ಊರಿನವರಿಗೆ ಹೇಗೂ ಗೊತ್ತಾಗುತ್ತೆ. ಅವನನ್ನ ಕೇಳಿಯೇ ಬರೀತಿದೀನಿ. ಅವನ ಅಪ್ಪನನ್ನ ನಾನು ಅಣ್ಣಯ್ಯ ಅಂತಿದ್ದೆ, ಒಡಹುಟ್ಟಿದವರಿಗಿಂತ ಹೆಚ್ಚು. ಅಣ್ಣಯ್ಯ ತೀರಿಕೊಂಡ ಮೇಲೆ ತೋಟ ನೋಡೋರಿಲ್ಲ. 2020ರಲ್ಲಿ ಕೊರೊನಾ ಬಂದು ಬೆಂಗಳೂರಿನ ಆಫೀಸು ಮುಚ್ಚಿದಾಗ ಹುಡುಗ ಲ್ಯಾಪ್‌ಟಾಪ್ ಹಿಡಕೊಂಡು ಮನೆಗೆ ಬಂದ. ಒಂಬೈನೂರು ಮರ. ಬೆಳಿಗ್ಗೆ ತೋಟ, ಹತ್ತು ಗಂಟೆ ಮೇಲೆ ಕಂಪ್ಯೂಟರು. ವರ್ಷ ಕಳೆಯೋದ್ರೊಳಗೆ ಕೆಲಸ ಬಿಟ್ಟು ಇಲ್ಲೇ ಇರೋದು ಅಂತ ತೀರ್ಮಾನ ಮಾಡಿದ. ಅತ್ತಿಗೆಗೆ ಎಷ್ಟು ಖುಷಿ ಆಗಿತ್ತು ಅಂದ್ರೆ ಆವತ್ತು ಕರೆದು ಹೋಳಿಗೆ ಊಟ ಹಾಕಿದ್ರು.

2021ರ ಮಳೆಗಾಲ ಮುಗಿದ ಮೇಲೆ ಒಂದಿನ ಒಂದು ಸೋಗೆ ಎಳಕೊಂಡು ನಮ್ಮ ಅಂಗಳಕ್ಕೆ ಬಂದ. ಗರಿಗಳ ಮೇಲೆಲ್ಲಾ ಚುಕ್ಕೆ. ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ಕೆಲವು ಕಡೆ ಚುಕ್ಕೆ ಚುಕ್ಕೆ ಕೂಡಿಕೊಂಡು ಗರಿ ತುದಿಯಿಂದ ಒಣಗಿತ್ತು.

"ಚಿಕ್ಕಪ್ಪ, ಇದೆಂಥದು ನೋಡಿ."

ನಾನು ಜಗಲಿಯಿಂದ ಇಳೀಲೂ ಇಲ್ಲ. ಕೂತಲ್ಲಿಂದಲೇ, "ಪೊಟ್ಯಾಶ್ ಕಮ್ಮಿ ಆಗಿದೆ ಮಾರಾಯ. ಹಳೇ ಸೋಗೆಯಲ್ಲಿ ಹಂಗೇ ಚುಕ್ಕೆ ಬರುತ್ತೆ. ಗೊಬ್ಬರ ಸರಿಯಾಗಿ ಕೊಡು, ಹೋಗುತ್ತೆ" ಅಂದೆ.

"ಒಂದಲ್ಲ ಚಿಕ್ಕಪ್ಪ, ಮೇಲಿನ ತುಂಡಲ್ಲಿ ಸುಮಾರು ಮರದಲ್ಲಿದೆ. ತೋಟಗಾರಿಕೆಯವರಿಗೆ ತೋರಿಸೋಣ್ವಾ?"

ನಾನು ನಕ್ಕೆ. ಆ ನಗು ಈಗಲೂ ರಾತ್ರಿ ಕೆಲವು ಸಲ ನೆನಪಾಗುತ್ತೆ. "ನಲವತ್ತು ವರ್ಷದಿಂದ ಅಡಿಕೆ ನೋಡ್ತಿದೀನಿ, ಆ ಪ್ಯಾಂಟ್ ಹಾಕ್ಕೊಂಡ ಹುಡುಗರು ನನಗಿಂತ ಜಾಸ್ತಿ ಎಂತ ಹೇಳ್ತಾರೆ" ಅಂದೆ. ಅವನೂ ನಕ್ಕ. ಸೋಗೆಯನ್ನ ಅಲ್ಲೇ ಬೇಲಿ ಬುಡಕ್ಕೆ ಎಸೆದು ಹೋದ. ರೋಗದ ಸೋಗೆ ನನ್ನ ತೋಟದ ಬೇಲಿಗೆ!

ನಿಜ ಹೇಳಬೇಕಂದ್ರೆ ಚುಕ್ಕೆ ನೋಡಿದಾಗ ನನ್ನ ಮನಸ್ಸಿಗೂ ಒಂದು ಸಣ್ಣ ಅನುಮಾನ ಬಂದಿತ್ತು. ಪೊಟ್ಯಾಶಿನ ಚುಕ್ಕೆಗೆ ಈ ಥರ ಉಂಗುರ ನಾನು ನೋಡಿರಲಿಲ್ಲ. ಆದರೆ ಬಾಯಿ ಅಷ್ಟೊತ್ತಿಗೆ ಉತ್ತರ ಕೊಟ್ಟಾಗಿತ್ತು. ಒಂದು ಸಲ ಉತ್ತರ ಕೊಟ್ಟ ಮೇಲೆ ನೋಡೋದು ನಿಂತುಹೋಗುತ್ತೆ. ಆಮೇಲೆ ಎಷ್ಟೋ ಸಲ ಅವನ ತೋಟದ ಪಕ್ಕದಲ್ಲೇ ಓಡಾಡಿದೀನಿ, ಒಂದು ದಿನವೂ ತಲೆ ಎತ್ತಿ ಆ ಮರಗಳನ್ನ ನೋಡಲಿಲ್ಲ.

2022ರ ಮಳೆಗಾಲದ ಕಥೆ ನಿಮಗೆಲ್ಲಾ ಗೊತ್ತಿರೋದೇ. ಎಲೆಚುಕ್ಕೆ ಅನ್ನೋ ಹೆಸರು ಆ ವರ್ಷ ನಮ್ಮ ತೀರ್ಥಹಳ್ಳಿ ಕಡೆ ಮಕ್ಕಳ ಬಾಯಲ್ಲೂ ಬಂತು. ಕೊಲೆಟೋಟ್ರೈಕಮ್ ಅನ್ನೋ ಶಿಲೀಂಧ್ರ, ಗಾಳಿ ಮಳೆಗೆ ಹನಿ ಸಿಡಿದಲ್ಲೆಲ್ಲಾ ಹರಡುತ್ತೆ, ಕೆಳಗಿನ ಸೋಗೆಯಿಂದ ಹತ್ತಿಕೊಂಡು ಮೇಲೆ ಹೋಗುತ್ತೆ. ಬಿದ್ದ ಸೋಗೆ, ಮರದಲ್ಲಿರೋ ರೋಗದ ಸೋಗೆ ತೆಗೆದು ಸುಡಬೇಕು, ಎಲೆಗೆ ಪ್ರೊಪಿಕೊನಜೋಲ್ ಲೀಟರಿಗೆ 1 ಮಿಲಿ ಹಾಕಿ ಹೊಡೀಬೇಕು ಅಂತ ಇಲಾಖೆಯವರು ಹೇಳಿದ್ರು. ಹುಡುಗನ ಮೇಲಿನ ತುಂಡಲ್ಲಿ ಅಷ್ಟೊತ್ತಿಗೆ ಮರದ ತಲೆಯಲ್ಲಿ ನಾಲ್ಕೈದು ಸೋಗೆ ಮಾತ್ರ ಹಸಿರು, ಉಳಿದದ್ದು ಸುಟ್ಟ ಹಾಗೆ ಜೋತು ಬಿದ್ದಿತ್ತು. ಕಾಯಿಗೂ ಚುಕ್ಕೆ ಬಂದು ಉದುರಿತು. ಮುಂದಿನ ವರ್ಷ ಸಿಂಗಾರವೇ ಸಣ್ಣ. ಹದಿನಾಲ್ಕು ಕ್ವಿಂಟಾಲ್ ಆಗ್ತಿದ್ದ ಜಾಗದಲ್ಲಿ ಆರು ಆಯ್ತು. ಅವನ ತಂಗಿ ಮದುವೆಗೆ ಅಂತ ಸೊಸೈಟಿಯಲ್ಲಿ ತೆಗೆದ ಸಾಲ ಹಾಗೇ ಕೂತಿತ್ತು. 2023ರಲ್ಲಿ ಹುಡುಗ ವಾಪಸ್ ಬೆಂಗಳೂರಿಗೆ ಹೋದ.

ಹೋಗೋ ಮುಂಚೆ ಹೇಳಿ ಹೋಗೋಕೆ ಅಂತ ಬಂದಿದ್ದ. ನಾನು ಮುಖ ಎಲ್ಲಿ ಇಟ್ಟುಕೊಳ್ಳೋದು ಗೊತ್ತಾಗದೆ, "ಈ ರೋಗ ಎಲ್ಲರಿಗೂ ಬಂದಿದೆ, ಯಾರಿಗೂ ಮೊದಲೇ ಗೊತ್ತಿರಲಿಲ್ಲ" ಅಂತ ಏನೋ ಒದರಿದೆ. ಅವನು ಚಾ ಕುಡಿದು ಲೋಟ ಕೆಳಗಿಟ್ಟ. ಸಿಟ್ಟಿರಲಿಲ್ಲ, ತುಂಬಾ ಮೆಲ್ಲಗೆ ಹೇಳಿದ. "ಹೌದು ಚಿಕ್ಕಪ್ಪ. ಆದ್ರೆ ನೀವು ಆವತ್ತು ಗೊತ್ತಿಲ್ಲ ಅಂದಿದ್ರೆ ನಾನು ಬೇರೆ ಯಾರನ್ನಾದ್ರೂ ಕೇಳ್ತಿದ್ದೆ."

ಅಷ್ಟೇ ಹೇಳಿದ್ದು.

ನನ್ನ ಮಾತಿನಿಂದ ಅವನ ತೋಟ ಎಷ್ಟು ಹೋಯ್ತು? ಇದನ್ನ ನೂರು ಸಲ ಲೆಕ್ಕ ಹಾಕಿದೀನಿ. 2021ರಲ್ಲೇ ಸೋಗೆ ತೆಗೆಸಿ ಸುಟ್ಟಿದ್ರೆ ಉಳೀತಿತ್ತಾ? ಸುತ್ತಮುತ್ತಲ ತೋಟದಲ್ಲೆಲ್ಲಾ ಇತ್ತಲ್ಲ, ಗಾಳಿಗೆ ಮತ್ತೆ ಬರ್ತಿತ್ತಾ? ಅವತ್ತೇ ಮದ್ದು ಹೊಡೆಸಿದ ಕೆಲವರ ತೋಟವೂ ಹೋಗಿದೆ, ಏನೂ ಮಾಡದ ಒಬ್ಬರದ್ದು ಅರ್ಧ ಉಳಿದಿದೆ. ಪೊಟ್ಯಾಶ್ ಕಮ್ಮಿ ಇದ್ರೆ ರೋಗ ಜೋರಾಗುತ್ತೆ ಅಂತ ಆಮೇಲೆ ವಿಜ್ಞಾನಿಗಳೇ ಹೇಳಿದ್ರು, ಆ ಲೆಕ್ಕದಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಇದನ್ನ ಹಿಡಕೊಂಡು ಸ್ವಲ್ಪ ದಿನ ಸಮಾಧಾನ ಮಾಡಿಕೊಂಡೆ ಕೂಡ. ನಿಲ್ಲಲಿಲ್ಲ ಆ ಸಮಾಧಾನ. ನನ್ನ ಪಾಲು ಎಷ್ಟು ಅಂತ ನನಗೆ ಯಾವತ್ತೂ ಗೊತ್ತಾಗೋದಿಲ್ಲ. ತಪ್ಪು ನನ್ನದಲ್ಲ ಅಂತಲೂ ಹೇಳೋ ಹಾಗಿಲ್ಲ, ಪೂರ್ತಿ ನನ್ನದೇ ಅಂತಲೂ ಹೇಳೋ ಹಾಗಿಲ್ಲ. ಅದನ್ನ ಹಾಗೇ ಇಟ್ಟುಕೊಂಡು ಇರಬೇಕು.

ಆ ಚಳಿಗಾಲದಲ್ಲಿ ಶೃಂಗೇರಿ ಕಡೆ ಅಮ್ಮನ ತವರಿಗೆ ಹೋಗಿದ್ದೆ. ಆ ಭಾಗದ ಹಳದಿ ಎಲೆ ರೋಗ ನಿಮಗೆ ಗೊತ್ತು, ಅದರ ಮುಂದೆ ನಮ್ಮ ಚುಕ್ಕೆ ಸಣ್ಣದು. ಫೈಟೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು ಅಂತ ವಿಜ್ಞಾನಿಗಳು ಹೇಳ್ತಾರೆ, ವಾಸಿ ಮಾಡೋ ಮದ್ದು ಇವತ್ತಿಗೂ ಇಲ್ಲ. ನಮ್ಮ ಸೋದರಮಾವನ ತೋಟ ನಾನು ಹುಡುಗ ಆಗಿದ್ದಾಗಲೇ ಹಳದಿ ಆಗೋಕೆ ಶುರುವಾಗಿತ್ತು. ಆಗೆಲ್ಲಾ ಯಾರಾದ್ರೂ, "ಇದಕ್ಕೆ ಎಂತ ಮಾಡ್ತೀರಿ ಮಾವ" ಅಂದ್ರೆ, "ನಂಗೊತ್ತಿಲ್ಲಪ್ಪ" ಅಂತಿದ್ರು. ನಮ್ಮಪ್ಪ ಅವರ ಬೆನ್ನ ಹಿಂದೆ, ಸೋಮಾರಿ, ತೋಟ ನೋಡೋಕೆ ಬರಲ್ಲ ಅಂತಿದ್ರು. ನಾನೂ ಹಂಗೇ ನಂಬಿದ್ದೆ.

ಈ ಸಲ ಅವರ ಜೊತೆ ತೋಟದೊಳಗೆ ಹೋದೆ. ಎಂಬತ್ತು ದಾಟಿದೆ, ಕೋಲು ಹಿಡಕೊಂಡು ಮುಂದೆ ನಡೀತಿದ್ರು. ಅಡಿಕೆ ಅಲ್ಲಲ್ಲಿ ಇದೆ, ಹಳದಿ ಬಣ್ಣದಲ್ಲೇ. ಮಧ್ಯೆ ಕಾಫಿ, ಮರಕ್ಕೆ ಮೆಣಸು, ಒಂದು ಮೂಲೆಯಲ್ಲಿ ಏಲಕ್ಕಿ, ಎರಡು ಸಾಲು ಜಾಯಿಕಾಯಿ, ಒಂದಷ್ಟು ಯಾಕೆ ಹಾಕಿದ್ರು ಅಂತ ಅವರಿಗೇ ನೆನಪಿಲ್ಲದ ಗಿಡ. ವರ್ಷಕ್ಕೊಬ್ಬ ಬಂದು ಇದೇ ಕಾರಣ, ಇದೇ ಮದ್ದು ಅಂತ ಹೇಳಿ ಹೋಗ್ತಿದ್ದನಂತೆ. ಒಬ್ಬ ಸುಣ್ಣ ಅಂದ, ಒಬ್ಬ ಬೇರಿನ ಹುಳ ಅಂದ, ಇನ್ನೊಬ್ಬ ಮಣ್ಣೇ ಬದಲಾಯಿಸು ಅಂದ. ಪೂರ್ತಿ ನಂಬಿದವರು ಇದ್ದಿದ್ದನ್ನೆಲ್ಲಾ ಅದಕ್ಕೇ ಸುರಿದು ಕೈಸೋತರು. ಮಾವ, "ನೋಡೋಣ" ಅಂತ ಹತ್ತು ಮರಕ್ಕೆ ಮಾತ್ರ ಮಾಡಿ ನೋಡ್ತಿದ್ರು. ಆಗದಿದ್ರೆ ಆ ಜಾಗದಲ್ಲಿ ಬೇರೆ ಏನೋ ಒಂದು ಊರುತ್ತಿದ್ರು. "ಗೊತ್ತಿಲ್ಲ ಅಂದವನು ಸುಮ್ನೆ ಕೂರೋಕಾಗಲ್ಲ ಕಣೋ, ದಿನಾ ಹೋಗಿ ನೋಡಬೇಕಾಗುತ್ತೆ" ಅಂದ್ರು. ನಮ್ಮಪ್ಪ ಸೋಮಾರಿ ಅಂದಿದ್ದು ಇವರನ್ನ.

ವಾಪಸ್ ಬಂದವನೇ ಬೇಸಿಗೆಯಲ್ಲಿ ಒಂದು ಕೆಲಸ ಮಾಡಿದೆ. ನನ್ನ ತೋಟದಲ್ಲಿ ನಾಲ್ಕು ಸಾಲು, ಸಾಲಿಗೆ ಇಪ್ಪತ್ತು ಮರ, ಪೇಂಟ್ ಹಚ್ಚಿ ಗುರುತು. ಒಂದಕ್ಕೆ ರೋಗದ ಸೋಗೆ ತೆಗೆಯೋದು ಮಾತ್ರ. ಒಂದಕ್ಕೆ ಎಲೆಗೆ ಮದ್ದು ಮಾತ್ರ. ಒಂದಕ್ಕೆ ಎರಡೂ, ಜೊತೆಗೆ ಶಿಫಾರಸಿನ ಲೆಕ್ಕದ ಪೂರ್ತಿ ಗೊಬ್ಬರ. ವರ್ಷಕ್ಕೆ ಮರಕ್ಕೆ 140 ಗ್ರಾಂ ಪೊಟ್ಯಾಶ್ ಅಂದ್ರೆ ಅಂಗಡಿಯಲ್ಲಿ ಸಿಗೋ ಎಂಒಪಿ ಲೆಕ್ಕದಲ್ಲಿ 230 ಗ್ರಾಂ ಮೇಲೆ, ಅದನ್ನ ಎರಡು ಕಂತಲ್ಲಿ. ನಾವೆಲ್ಲಾ ಕೈಗೆ ಬಂದಷ್ಟು ಎಸೀತಿದ್ವಿ ಹೊರತು ತೂಗಿದ್ದೇ ಇಲ್ಲ, ಅಲ್ವಾ? ನಾಲ್ಕನೇ ಸಾಲಿಗೆ ಏನೂ ಇಲ್ಲ. ಕೊನೆಗೆ ಹೊಡೆಯೋ ಬೋರ್ಡೋ ಮಾತ್ರ ಎಲ್ಲದಕ್ಕೂ ಒಂದೇ.

ಕಷ್ಟ ಆಗಿದ್ದು ಆ ನಾಲ್ಕನೇ ಸಾಲು. ಬೇರೆ ಮೂರು ಸಾಲಲ್ಲಿ ಬದಲಾವಣೆ ಕಂಡರೆ ಅದು ಮದ್ದಿಂದಲೋ, ಆ ವರ್ಷದ ಮಳೆಯಿಂದಲೋ ಅಂತ ತಿಳಿಯೋಕೆ ಏನೂ ಮಾಡದ ಸಾಲು ಒಂದು ಬೇಕೇ ಬೇಕು. ಇದನ್ನ ಬರೆಯೋದು ಸುಲಭ. ದೋಟಿ ಹಿಡಕೊಂಡ ಹುಡುಗರು ಮೂರು ಸಾಲು ಮುಗಿಸಿ, "ಇದಕ್ಕೆ?" ಅಂತ ನಿಂತಾಗ "ಬಿಡಿ" ಅನ್ನೋದಿದೆಯಲ್ಲ, ಹೊಟ್ಟೆ ಕಿವುಚಿದ ಹಾಗಾಗುತ್ತೆ. ಅಪ್ಪ ನೆಟ್ಟ ಮರಗಳು ಅವು. ಮನೆಯವಳು, "ಮೂರು ಮಕ್ಕಳಿಗೆ ಊಟ ಹಾಕಿ ಒಂದನ್ನ ಉಪವಾಸ ಕೂರಿಸಿದ ಹಂಗೆ" ಅಂತ ಬೈದಳು. ಉತ್ತರ ಕೊಡಲಿಲ್ಲ.

ಹದಿನೈದು ದಿನಕ್ಕೊಂದು ಸಲ ಎಣಿಸೋದು. ಮರದ ಬುಡದಲ್ಲಿ ನಿಂತು ಒಟ್ಟು ಸೋಗೆ ಎಷ್ಟು, ಚುಕ್ಕೆ ಇರೋದು ಎಷ್ಟು, ಮೇಲಿಂದ ಎಷ್ಟನೇದರವರೆಗೆ ಹತ್ತಿದೆ. ಮಗಳ ಹಳೇ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಎರಡು ಮಳೆಗಾಲ ಆಯ್ತು. ಫಲಿತಾಂಶ ಕೇಳ್ತೀರಿ, ಹೇಳ್ತೀನಿ, ಆದರೆ ಇದು ನನ್ನ ಎಂಬತ್ತು ಮರದ ಲೆಕ್ಕ ಅಷ್ಟೇ. ಎರಡೂ ಮಾಡಿದ ಸಾಲು ಎರಡು ವರ್ಷವೂ ಚೆನ್ನಾಗಿತ್ತು. ಮದ್ದು ಮಾತ್ರ ಹೊಡೆದಿದ್ದು ಮೊದಲ ವರ್ಷ ಪರವಾಗಿರಲಿಲ್ಲ, ಎರಡನೇ ವರ್ಷ ಅಷ್ಟೇನಿಲ್ಲ. ಸೋಗೆ ಮಾತ್ರ ತೆಗೆದ ಸಾಲಲ್ಲಿ ಕಂಡದ್ದು ವಿಚಿತ್ರ. ದರೆ ಕಡೆಯ ಹತ್ತು ಮರ ಹಾಳು, ಇತ್ತ ಕಡೆಯ ಹತ್ತು ಮರ ಎಷ್ಟೋ ವಾಸಿ. ಏನೂ ಮಾಡದ ಸಾಲಲ್ಲೂ ಅದೇ ಕಥೆ.

ಯಾಕೆ ಅಂತ ನೋಡೋಕೆ ಒಂದು ಬೆಳಿಗ್ಗೆ ಅಲ್ಲೇ ಹೋಗಿ ಕೂತೆ. ದರೆ ಕಡೆಯ ಕಪ್ಪು ಮುಚ್ಚಿಹೋಗಿ ನೀರು ನಿಂತಿತ್ತು. ಮೇಲೆ ಬೆಟ್ಟದ ಮರದ ನೆರಳು. ಒಂಬತ್ತೂವರೆಗೆ ಇತ್ತಲಿನ ಮರಗಳ ಸೋಗೆ ಒಣಗಿತ್ತು, ದರೆ ಕಡೆ ಹನ್ನೊಂದೂವರೆ ಆದರೂ ಎಲೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಹುಟ್ಟಿದಾಗಿಂದ ಓಡಾಡಿದ ತೋಟ ಇದು. ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ಎಲೆ ಒಣಗುತ್ತೆ ಅನ್ನೋದು ನನಗೆ ಐವತ್ತಾರು ವರ್ಷಕ್ಕೆ ಗೊತ್ತಾಯ್ತು. ಕಪ್ಪು ತೆಗೆಸಿದೀನಿ, ಎರಡು ಕೊಂಬೆ ಕಡಿಸಿದೀನಿ. ಅದರಿಂದ ಕಮ್ಮಿ ಆಗುತ್ತಾ? ಈ ಮಳೆಗಾಲ ಕಳೀಲಿ.

ಹೊಳೆ ಆಚೆಯವರಿಗೆ ನಿನ್ನೆ ನಾನೇ ಮತ್ತೆ ಫೋನ್ ಮಾಡಿದೆ. ಅವರ ತೋಟ ನಾನು ನೋಡಿಲ್ಲ, ಅಲ್ಲಿ ಬಿಸಿಲು ಯಾವ ಕಡೆಯಿಂದ ಬೀಳುತ್ತೆ ಅಂತಲೂ ಗೊತ್ತಿಲ್ಲ, ಕೂತಲ್ಲಿಂದ ಹೇಗೆ ಹೇಳಲಿ? ಮಳೆ ಹೊಳವಾದ ದಿನ ಬರ್ತೀನಿ, ಇಬ್ಬರೂ ಸೇರಿ ಒಂದಿಪ್ಪತ್ತು ಮರ ಎಣಿಸೋಣ, ಹಾಗೇ ಇಲಾಖೆಯವರಿಗೂ ಎರಡು ಸೋಗೆ ತೋರಿಸೋಣ ಅಂದೆ. "ಹೂಂ, ಬನ್ನಿ" ಅಂದ್ರು. ಸಿಟ್ಟು ಪೂರ್ತಿ ಇಳಿದ ಹಾಗೆ ಕಾಣಲಿಲ್ಲ.

ಹುಡುಗ ಈಗ ತಿಂಗಳಿಗೆ ಎರಡು ಸಲ ಶನಿವಾರ ಬರ್ತಾನೆ. ತೋಟ ಕೂಲಿಯವರ ಕೈಲಿದೆ, ಅತ್ತಿಗೆ ನೋಡಿಕೊಳ್ತಾರೆ. ನನ್ನ ನೋಟ್‌ಬುಕ್ ನೋಡಿ ಅವನೂ ಮೇಲಿನ ತುಂಡಲ್ಲಿ ಮೂರು ಸಾಲು ಗುರುತು ಮಾಡಿದಾನೆ. ಅದನ್ನೆಲ್ಲಾ ಕಂಪ್ಯೂಟರಲ್ಲಿ ಹಾಕಿ ಗೆರೆ ಎಳೆದು ತೋರಿಸ್ತಾನೆ, ನನಗೆ ಅರ್ಧ ಅರ್ಥ ಆಗುತ್ತೆ. ಅರ್ಥ ಆಗದ್ದನ್ನ ಆಗಿಲ್ಲ ಅಂತ ಹೇಳ್ತೀನಿ, ಅವನು ಮತ್ತೆ ಹೇಳ್ತಾನೆ. ಕೆಲಸ ಬಿಟ್ಟು ವಾಪಸ್ ಬರಲಾ ಅಂತ ಹೋದ ತಿಂಗಳು ನನ್ನನ್ನೇ ಕೇಳಿದ. ಅತ್ತಿಗೆ ಒಳಗಿಂದ ಕಿವಿ ಕೊಟ್ಟು ಕೇಳ್ತಿದ್ರು. ಬಾ ಅನ್ನೋಕೆ ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಸಾಲ ಎಷ್ಟು ಉಳಿದಿದೆ, ಈ ವರ್ಷದ ಸಿಂಗಾರ ಹೇಗಿದೆ, ಎರಡನ್ನೂ ಕೂತು ನೋಡೋಣ ಅಂದೆ.

ಈ ಶನಿವಾರ ಬಂದಾಗ ಇನ್ನೊಂದು ವಿಷಯ ತೀರ್ಮಾನ ಆಗಬೇಕು. ನನ್ನ ನಾಲ್ಕನೇ ಸಾಲಲ್ಲಿ ಎರಡು ಮರ ಸುಳಿ ಸಣ್ಣ ಆಗಿ ನಿಂತಿದೆ. ಈ ವರ್ಷವೂ ಹಾಗೇ ಬಿಡೋದಾ, ಹೊಡೆಸೋದಾ? ಮನೆಯವಳು ಹೊಡೆಸಿ ಅಂತಾಳೆ. ಹುಡುಗ ಇನ್ನೊಂದು ವರ್ಷ ಬಿಡಿ ಚಿಕ್ಕಪ್ಪ ಅಂತಾನೆ. ನಾನು ಇನ್ನೂ ಏನೂ ಅಂದಿಲ್ಲ. ಚಾರ್ಜ್ 9ಕ್ಕೆ ಬಂತು, ಮಳೆಯೂ ಸ್ವಲ್ಪ ಹೊಳವಾದ ಹಾಗಿದೆ. ದರೆ ಕಡೆ ಕಪ್ಪಲ್ಲಿ ನೀರು ಹರೀತಿದೆಯಾ ಅಂತ ನೋಡಿಕೊಂಡು ಬರ್ತೀನಿ.